ಟ್ಯಾಪೆಟ್ ಎಷ್ಟು ಸಲ ಸೆಟ್ ಮಾಡಿದರೂ ಗ್ಯಾಪ್ ಮುಚ್ಚಿಕೊಳ್ಳುತ್ತಿದೆ: ಅಂಬಾಸಿಡರ್ ಮಾರ್ಕ್ 4, ಎಂಜಿನ್ ಹೊಸದಾಗಿ ಕಟ್ಟಿದ ಮೇಲೆ

ಕೊಪ್ಪದ ಅಂಬಿ

ಎಲ್ಲರಿಗೂ ನಮಸ್ಕಾರ. ಅಪ್ಪ 1984ರಲ್ಲಿ ತೆಗೆದುಕೊಂಡ ಅಂಬಾಸಿಡರ್ ಮಾರ್ಕ್ 4 ನಮ್ಮ ಮನೆಯಲ್ಲಿದೆ. 1489 ಸಿಸಿ ಪೆಟ್ರೋಲ್. ಅಪ್ಪ ಹೋದ ಮೇಲೆ ನಾಲ್ಕು ವರ್ಷ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಈ ವರ್ಷ ಮನಸ್ಸು ಮಾಡಿ ಎಂಜಿನ್ ಪೂರ್ತಿ ಬಿಚ್ಚಿದೆ. ಬೋರಿಂಗ್ ಆಯಿತು. ಪಿಸ್ಟನ್, ರಿಂಗ್, ಬೇರಿಂಗ್ ಹೊಸದು. ಎಂಟೂ ವಾಲ್ವ್ ಹೊಸದು. ಸೀಟ್ ಕಟಿಂಗ್ (ವಾಲ್ವ್ ಕೂರುವ ಜಾಗ ಕಡಿದು ಸರಿ ಮಾಡುವುದು), ಹೆಡ್ ಫೇಸಿಂಗ್ (ಎಂಜಿನ್ ಹೆಡ್ಡಿನ ಅಡಿ ಮುಖ ಕಡಿದು ಸಮ ಮಾಡುವುದು) ಕೂಡ ಮಾಡಿಸಿದೆ. ಲೇತ್ ಕೆಲಸವೆಲ್ಲ ಒಂದು ವರ್ಕ್‌ಶಾಪಿನಲ್ಲಿ, ಜೋಡಿಸಿದ್ದು ಮನೆಯಲ್ಲಿ ನಾನೇ.

ಮೊದಲ 400 ಕಿ.ಮೀ. ಬೆಣ್ಣೆಯ ಹಾಗೆ ಓಡಿತು. ಆಮೇಲೆ ಉಡುಪಿಗೆ ಹೋಗಿ ಬಂದೆವು. ವಾಪಸ್ ಬರುವಾಗ ಆಗುಂಬೆ ಘಾಟಿಯ 14 ತಿರುವು ಹತ್ತಿ ಮೇಲೆ ಬಂದು ನಿಲ್ಲಿಸಿದರೆ ಐಡ್ಲಿಂಗ್ ಕುಂಟುತ್ತಿದೆ. ಒಂದು ಸಿಲಿಂಡರ್ ಇದೆ, ಇಲ್ಲ ಅನ್ನುವ ಹಾಗೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮತ್ತೆ ಸರಿ! ಪ್ಲಗ್, ಪಾಯಿಂಟ್, ಕಂಡೆನ್ಸರ್ ಎಲ್ಲ ಬದಲಿಸಿ ನೋಡಿದೆ. ಕೊನೆಗೆ ರಾಕರ್ (ವಾಲ್ವನ್ನು ಒತ್ತುವ ತೋಳು) ಮೇಲಿನ ಕವರ್ ತೆಗೆದರೆ ಕೆಲವು ಕಡೆ ರಾಕರಿಗೂ ವಾಲ್ವಿಗೂ ನಡುವಿನ ಗ್ಯಾಪಿಗೆ ಫಿಲ್ಲರ್ ಗೇಜೇ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹೋಗುತ್ತಿಲ್ಲ. 15 ಥೌಗೆ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಸೆಟ್ ಮಾಡಿದೆ. 200 ಕಿ.ಮೀ. ಆದ ಮೇಲೆ ಮತ್ತೆ ಅದೇ ಕಥೆ. ಇದು ಮೂರನೇ ಸಲ. ಏನು ತಪ್ಪಾಗಿದೆ?

ಸುಮ್ನೆ ಓಡ್ಸು

ಲಾಕ್ ನಟ್ ಸರಿಯಾಗಿ ಟೈಟ್ ಮಾಡಿಲ್ಲ, ಅಷ್ಟೇ. ಇಲ್ಲಾಂದ್ರೆ 20 ಇಟ್ಟು ಓಡಿಸಿ. ಮುಚ್ಚಿಕೊಂಡು 15ಕ್ಕೆ ಬಂದು ನಿಲ್ಲುತ್ತದೆ.

ಲೇತ್ ಮಾವ

ಲಾಕ್ ನಟ್ ಸಡಿಲವಾದರೆ ರಾಕರಿನ ಸ್ಕ್ರೂ ಸಾಮಾನ್ಯವಾಗಿ ಬಿಚ್ಚಿಕೊಂಡು ಮೇಲೆ ಬರುತ್ತದೆ. ಆಗ ಗ್ಯಾಪ್ ದೊಡ್ಡದಾಗಿ ಟಕಟಕ ಸದ್ದು ಬರುತ್ತದೆ. ಇವರದು ಉಲ್ಟಾ, ಗ್ಯಾಪ್ ಮುಚ್ಚಿಕೊಳ್ಳುತ್ತಿದೆ. 20 ಇಟ್ಟರೆ ರೋಗ ಹಾಗೇ ಇರುತ್ತದೆ, ಗೊತ್ತಾಗುವುದು ಮಾತ್ರ ಒಂದು ತಿಂಗಳು ತಡ.

ಕೊಪ್ಪದ ತಮ್ಮಾ, "ಕೆಲವು ವಾಲ್ವು" ಅಂದರೆ ಆಗುವುದಿಲ್ಲ. ಎಂಟಕ್ಕೂ ಅಳತೆ ಬೇಕು. ರಾತ್ರಿ ಪೂರ್ತಿ ನಿಂತ ಗಾಡಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಅಳೆಯಿರಿ. ರೇಡಿಯೇಟರ್ ಕಡೆಯಿಂದ 1, 2, 3 ಅಂತ ಎಣಿಸಿ 8ರವರೆಗೆ ಬರೆದು ಹಾಕಿ. ಯಾವುದನ್ನೂ ಮುಟ್ಟಿ ಸರಿ ಮಾಡಬೇಡಿ, ಸುಮ್ನೆ ಅಳೆಯಿರಿ. ಮತ್ತೆ, ಯಾವ ವಾಲ್ವನ್ನು ಎಲ್ಲಿ ನಿಲ್ಲಿಸಿ ಅಳೆಯುತ್ತೀರಿ ಅಂತಲೂ ಹೇಳಿ. ಅರ್ಧ ಜನ ತಪ್ಪುವುದು ಅಲ್ಲೇ.

ಕೊಪ್ಪದ ಅಂಬಿ

ಹ್ಯಾಂಡಲ್ ಹಾಕಿ ತಿರುಗಿಸುತ್ತೇನೆ. ವಾಲ್ವ್ ಮೇಲೆ ಬಂದು ಅಲುಗಾಡುತ್ತದೆ ಅನ್ನಿಸಿದಾಗ ಅಳೆಯುತ್ತೇನೆ ಮಾವ.

ಲೇತ್ ಮಾವ

ಅನ್ನಿಸಿದಾಗ ಅಳೆಯಬಾರದು. ಕ್ಯಾಮಿನ ಉಬ್ಬು ಇನ್ನೂ ಪೂರ್ತಿ ದಾಟಿರದಿದ್ದರೂ ರಾಕರ್ ಅಲುಗಾಡುತ್ತದೆ. ಈ ಎಂಜಿನ್‌ಗೆ ಒಂಬತ್ತರ ಲೆಕ್ಕ ಅಂತ ಇದೆ, ನಾನು ಅಪ್ರೆಂಟಿಸ್ ಇದ್ದಾಗ ಕಲಿತದ್ದು. 8ನೇ ವಾಲ್ವ್ ಪೂರ್ತಿ ಒತ್ತಿಕೊಂಡಾಗ 1ನ್ನು ಅಳೆಯಬೇಕು. 6 ಒತ್ತಿದಾಗ 3, 4 ಒತ್ತಿದಾಗ 5, 7 ಒತ್ತಿದಾಗ 2. ಆಮೇಲೆ 1 ಒತ್ತಿದಾಗ 8, ಹೀಗೆ ತಿರುವು ಮುರುವು. ಎರಡೂ ಕೂಡಿದರೆ ಯಾವಾಗಲೂ 9 ಬರಬೇಕು. ಹಾಗೆ ನಿಲ್ಲಿಸಿದರೆ ಅಳೆಯುವ ವಾಲ್ವಿನ ಟ್ಯಾಪೆಟ್ (ಕ್ಯಾಮಿಗೆ ತಾಗಿ ಕೂರುವ ತುಂಡು) ಕ್ಯಾಮಿನ ಹಿಮ್ಮಡಿಯ (ಉಬ್ಬಿನ ಎದುರು ಬದಿ) ನಟ್ಟನಡುವೆ ಕೂತಿರುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿಟ್ಟುಕೊಳ್ಳಿ, ಹ್ಯಾಂಡಲ್ ಹೂವಿನ ಹಾಗೆ ತಿರುಗುತ್ತದೆ.

ಹುಬ್ಬಳ್ಳಿ ಗ್ಯಾರೇಜ್

ಲೇತ್ ಮಾವ ಹೇಳಿದ್ದು ಖರೇ. ಇನ್ನೊಂದು ಮಾತು ರೀ. ಗೇಜ್ ಹಾಕಿ ಸೆಟ್ ಮಾಡಿ ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಗೇಜ್ ಹಾಕಿ ನೋಡಿ. ನಟ್ ಬಿಗಿಯಾಗುವಾಗ ಸ್ಕ್ರೂ ಒಂದೆರಡು ಥೌ ಸರಿಯುತ್ತದೆ. ನಮ್ಮ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಕೊಪ್ಪದ ಅಂಬಿ

ಇವತ್ತು ಬೆಳಿಗ್ಗೆ ಒಂಬತ್ತರ ಲೆಕ್ಕದಲ್ಲೇ ಅಳೆದೆ. ಕಳೆದ ಸಲ 15 ಇಟ್ಟ ಮೇಲೆ 210 ಕಿ.ಮೀ. ಓಡಿದೆ. ಥೌ ಲೆಕ್ಕದಲ್ಲಿ:

1 – 7
2 – 13
3 – 12
4 – 5
5 – 5
6 – 12
7 – 13
8 – 7

ಇದರಲ್ಲಿ ಏನಾದರೂ ಅರ್ಥವಾಗುತ್ತದೆಯಾ? ನನಗಂತೂ ಲಾಟರಿ ನಂಬರ್ ಹಾಗೆ ಕಾಣುತ್ತಿದೆ.

ಲೇತ್ ಮಾವ

ಲಾಟರಿ ಅಲ್ಲ ತಮ್ಮಾ, ಕಾಯಿಲೆ ಬರೆದೇ ಕೊಟ್ಟಿದ್ದೀರಿ. ಈ ಹೆಡ್ಡಿನಲ್ಲಿ ವಾಲ್ವ್ ಕೂತಿರುವ ಸಾಲು ನೋಡಿ. 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್‌ಲೆಟ್. ಈಗ ನಿಮ್ಮ ನಂಬರ್ ಮತ್ತೆ ಓದಿ. ಇನ್‌ಲೆಟ್ ನಾಲ್ಕೂ 2 ರಿಂದ 3 ಥೌ ಮುಚ್ಚಿಕೊಂಡಿವೆ. ಎಕ್ಸಾಸ್ಟ್ ನಾಲ್ಕೂ 8 ರಿಂದ 10. ಅಂದರೆ ಎರಡು ಬೇರೆ ಬೇರೆ ಕಾರಣ ಒಂದರ ಮೇಲೊಂದು ಕೂತಿವೆ.

ಎಂಟಕ್ಕೂ ಸಮನಾಗಿ ಆಗಿರುವ ಆ 2-3 ಥೌ ಹೆಡ್ಡಿನದು. ಹೊಸ ಗ್ಯಾಸ್ಕೆಟ್ ಬಿಸಿ ತಂಪು ಕಂಡು ಸ್ವಲ್ಪ ಅಮುಕಿಕೊಳ್ಳುತ್ತದೆ. ಹೆಡ್ ಕೆಳಗೆ ಇಳಿಯುತ್ತದೆ, ಅದರ ಮೇಲಿನ ರಾಕರ್ ಶಾಫ್ಟೂ ಇಳಿಯುತ್ತದೆ. ಕ್ಯಾಮಿನ ಕಡೆಯಿಂದ ರಾಕರನ್ನು ತಳ್ಳುವ ಪುಶ್ ರಾಡ್ ಮಾತ್ರ ಇದ್ದಷ್ಟೇ ಉದ್ದ. ಹಾಗಾಗಿ ಅದು ರಾಕರನ್ನು ಎತ್ತಿ ವಾಲ್ವಿನ ಕಡೆಗೆ ತಳ್ಳುತ್ತದೆ. ರಾಕರಿನ ಒಂದು ತೋಳು ಇನ್ನೊಂದಕ್ಕಿಂತ ಉದ್ದ, ಹೆಚ್ಚುಕಡಿಮೆ 1.4 ಪಟ್ಟು. ಗ್ಯಾಸ್ಕೆಟ್ 2 ಥೌ ಕೂತರೆ ಗ್ಯಾಪ್ ಸುಮಾರು 3 ಥೌ ಹೋಗುತ್ತದೆ. ಹೆಡ್ ನಟ್ ಎರಡನೇ ಸಲ ಬಿಗಿ ಮಾಡಿದ್ದೀರಾ?

ಕೊಪ್ಪದ ಅಂಬಿ

ಇಲ್ಲ ಮಾವ. ಜೋಡಿಸುವಾಗ ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿದ್ದೇ ಕೊನೆ.

ಹುಬ್ಬಳ್ಳಿ ಗ್ಯಾರೇಜ್

ಅಯ್ಯೋ! ಮೊದಲ ಸಲ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ ಒಮ್ಮೆ, 500 ಕಿ.ಮೀ. ಆಸುಪಾಸಿನಲ್ಲಿ ಇನ್ನೊಮ್ಮೆ ಹೆಡ್ ಬಿಗಿ ಮಾಡಲೇಬೇಕು ರೀ. ನಡುವಿನಿಂದ ಶುರು ಮಾಡಿ ಎರಡೂ ತುದಿಯ ಕಡೆ ಹೋಗಬೇಕು. ಒಂದೊಂದೇ ನಟ್ ಕೂದಲಷ್ಟು ಬಿಚ್ಚಿ ಮತ್ತೆ ಟಾರ್ಕ್‌ಗೆ ತನ್ನಿ. ಇಲ್ಲದಿದ್ದರೆ ನಟ್ ಅಂಟಿಕೊಂಡಿದ್ದಕ್ಕೇ ವ್ರೆಂಚ್ ಕ್ಲಿಕ್ ಅನ್ನುತ್ತದೆ, ನಿಜವಾದ ಬಿಗಿ ಬಂದಿರುವುದಿಲ್ಲ. ಹೆಡ್ ಬಿಗಿ ಮಾಡಿದ ಮೇಲೆಯೇ ಟ್ಯಾಪೆಟ್. ಮೊದಲು ಟ್ಯಾಪೆಟ್ ಮಾಡಿ ಆಮೇಲೆ ಹೆಡ್ ಮುಟ್ಟಿದರೆ ಮಾಡಿದ ಕೆಲಸ ನೀರುಪಾಲು.

ಶಿವಮೊಗ್ಗ ಮಾರ್ಕ್ 2

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನದು ಇನ್ನೂ ವಿಚಿತ್ರ. ಎರಡು ಸಲ ಹೆಡ್ ಫೇಸಿಂಗ್ ಆಗಿದೆ. ಈಗ ಸ್ಕ್ರೂ ಪೂರ್ತಿ ಮೇಲಕ್ಕೆ ಬಿಚ್ಚಿದರೂ ಎರಡು ವಾಲ್ವಿಗೆ 15 ಬರುತ್ತಲೇ ಇಲ್ಲ. ವಾಲ್ವಿನ ತುದಿಯನ್ನೇ ಉಜ್ಜಿಬಿಡಲಾ?

ಲೇತ್ ಮಾವ

ಬೇಡ. ವಾಲ್ವಿನ ತುದಿಯಲ್ಲಿ ಗಟ್ಟಿ ಪದರ ಇರುವುದು ತೆಳ್ಳಗೆ. ಅದನ್ನು ಉಜ್ಜಿಬಿಟ್ಟರೆ ರಾಕರ್ ಕೆಳಗಿನ ಮೆತ್ತನೆ ಉಕ್ಕನ್ನು ಕೊರೆಯುತ್ತದೆ. ನಿಮ್ಮಲ್ಲಿ ಎರಡೂ ಕೂಡಿಕೊಂಡಿವೆ. ಫೇಸಿಂಗ್‌ನಿಂದ ಹೆಡ್ ಕೆಳಗೆ ಬಂದಿದೆ, 10 ಥೌ ತೆಗೆಸಿದ್ದರೆ ಗ್ಯಾಪಿನಲ್ಲಿ 14 ಹೋಗಿದೆ. ಸೀಟ್ ಕಟಿಂಗ್‌ನಿಂದ ವಾಲ್ವ್ ಒಳಗೆ ಇಳಿದು ಅದರ ತುದಿ ಮೇಲೆದ್ದಿದೆ. ರಾಕರ್ ಪೆಡೆಸ್ಟಲ್‌ಗಳ (ಶಾಫ್ಟ್ ಹೊತ್ತ ಗಿಡ್ಡ ಕಂಬಗಳು) ಅಡಿಗೆ ಶಿಮ್ (ತೆಳು ತಗಡು) ಹಾಕಿ ಶಾಫ್ಟನ್ನೇ ಎತ್ತಬೇಕು, ಇಲ್ಲವೇ ಸ್ವಲ್ಪ ಗಿಡ್ಡ ಪುಶ್ ರಾಡ್ ಹಾಕಬೇಕು. ಶಿಮ್ ಹಾಕುವುದಾದರೆ ನಾಲ್ಕಕ್ಕೂ ಒಂದೇ ದಪ್ಪ. ಒಂದು ಪೆಡೆಸ್ಟಲ್‌ನಲ್ಲಿ ಆಯಿಲ್ ಮೇಲೆ ಬರುವ ತೂತಿದೆ, ಅದರ ಶಿಮ್ಮಿಗೂ ತೂತು ಇರಲೇಬೇಕು. ಮರೆತರೆ ರಾಕರ್ ಶಾಫ್ಟ್ ಒಣಗಿ ಸತ್ತುಹೋಗುತ್ತದೆ.

ಇನ್ನೊಂದು. ಪೆಡೆಸ್ಟಲ್ ಹಿಡಿದಿರುವ ಎಂಟು ನಟ್‌ಗಳಲ್ಲಿ ನಾಲ್ಕು ಹೆಡ್ ಸ್ಟಡ್‌ನವೇ. ಅವನ್ನಷ್ಟೇ ಬಿಚ್ಚಿದರೆ ಹೆಡ್ ಒಂದೇ ಪಕ್ಕ ಎಳೆದುಕೊಂಡು ಸೊಟ್ಟಗಾಗುತ್ತದೆ. ರೇಡಿಯೇಟರ್ ನೀರು ಇಳಿಸಿ, ಹೆಡ್ ನಟ್ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, ಆಮೇಲೆ ಶಾಫ್ಟ್ ಎತ್ತಿ.

ಕೊಪ್ಪದ ಅಂಬಿ

ಮೂರು ವಾರ ಮಳೆ, ಎಲ್ಲಿಗೂ ಹೋಗಲು ಆಗಿರಲಿಲ್ಲ. ಹೇಳಿದ ಹಾಗೆ ಹೆಡ್ ಬಿಗಿ ಮಾಡಿ, ಎಂಟಕ್ಕೂ 15 ಇಟ್ಟು, ಒಟ್ಟು 300 ಕಿ.ಮೀ. ಓಡಿಸಿದೆ. ಅದರಲ್ಲಿ ಘಾಟಿ ಒಂದು ಸಲ. ಈಗ ಇನ್‌ಲೆಟ್ 15, 15, 14, 15. ಎಕ್ಸಾಸ್ಟ್ 12, 9, 9, 12. ನಡುವಿನ ಎರಡಕ್ಕೇ ಯಾಕೆ ಜಾಸ್ತಿ ಪೆಟ್ಟು?

ಲೇತ್ ಮಾವ

ಇನ್‌ಲೆಟ್ ನಿಂತವು ಅಂದರೆ ಹೆಡ್ಡಿನ ವಿಷಯ ಮುಗಿಯಿತು. ಉಳಿದದ್ದು ಎಕ್ಸಾಸ್ಟ್ ಸೀಟ್. 4 ಮತ್ತು 5 ಎರಡೂ ಒಂದೇ ಪೋರ್ಟಿಗೆ ಹೊಗೆ ಬಿಡುತ್ತವೆ. ಎರಡು ಸಿಲಿಂಡರಿನ ಬೆಂಕಿ ಒಂದೇ ಗೂಡಿನಲ್ಲಿ. ಹೆಡ್ಡಿನಲ್ಲಿ ಎಲ್ಲಕ್ಕಿಂತ ಬಿಸಿ ಜಾಗ ಅದೇ.

ಸುಮ್ನೆ ಓಡ್ಸು

ನನಗೇನೋ ಕ್ಯಾಮ್ ಶಾಫ್ಟ್ ಸವೆದಿದೆ ಅನ್ನಿಸುತ್ತದೆ.

ಲೇತ್ ಮಾವ

ಕ್ಯಾಮ್ ಸವೆಯುವುದು ಮೂಗಿನಲ್ಲಿ. ಗ್ಯಾಪ್ ಅಳೆಯುವುದು ಹಿಮ್ಮಡಿಯಲ್ಲಿ. ಮೂಗು ಸವೆದರೆ ವಾಲ್ವ್ ಪೂರ್ತಿ ತೆರೆಯುವುದಿಲ್ಲ, ಎಂಜಿನ್‌ಗೆ ಉಸಿರು ಕಟ್ಟುತ್ತದೆ, ಆದರೆ ಗ್ಯಾಪ್ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಟ್ಯಾಪೆಟ್ಟಿನ ಮುಖ ಸವೆದರೆ ಗ್ಯಾಪ್ ದೊಡ್ಡದಾಗುತ್ತದೆ. ಗ್ಯಾಪ್ ಸಣ್ಣದಾಗಬೇಕಾದರೆ ಒಂದೋ ವಾಲ್ವ್ ಮೇಲೆ ಬರಬೇಕು, ಇಲ್ಲಾ ರಾಕರ್ ಕೆಳಗೆ ಬರಬೇಕು.

ಕೊವೆಂಟ್ರಿ ಕನ್ನಡಿಗ

ಚರ್ಚೆ ಓದುತ್ತಿದ್ದೆ, ಇದು ಇಂಗ್ಲೆಂಡಿನಲ್ಲಿ ನಮ್ಮೂರಿನ ಹಳೆಯ ಕಥೆ. ನನ್ನ ಹತ್ತಿರ ಒಂದು ಎಂಜಿಬಿ (ಇಲ್ಲಿಯ ಹಳೇ ಸ್ಪೋರ್ಟ್ಸ್ ಕಾರು) ಇದೆ. ಅದರ 1798 ಸಿಸಿ ಎಂಜಿನ್ ನಿಮ್ಮ 1489ರ ಒಡಹುಟ್ಟಿದ್ದೇ, ಎರಡೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್. ನಿಮ್ಮದು ಮಾರಿಸ್ ಆಕ್ಸ್‌ಫರ್ಡ್ ಜೊತೆ ಅಂಬಾಸಿಡರ್ ಕಾರ್ಖಾನೆಯಿದ್ದ ಉತ್ತರಪಾಡಾಕ್ಕೆ ಹೋಯಿತು, ನಮ್ಮದು ಇಲ್ಲೇ ಉಳಿಯಿತು.

ಈ ಹಳೇ ಹೆಡ್‌ಗಳಲ್ಲಿ ಸೀಟಿಗೆ ಅಂತ ಬೇರೆ ರಿಂಗ್ ಇಲ್ಲ. ಹೆಡ್ಡಿನ ಎರಕದ ಕಬ್ಬಿಣವನ್ನೇ ಕಡಿದು ಸೀಟ್ ಮಾಡಿರುತ್ತಾರೆ. ಆಗ ಪೆಟ್ರೋಲಿನಲ್ಲಿ ಸೀಸ ಇತ್ತು. ಅದು ಉರಿದು ಸೀಟಿನ ಮೇಲೆ ತೆಳುವಾದ ಪದರ ಕಟ್ಟುತ್ತಿತ್ತು. ವಾಲ್ವ್ ಕಬ್ಬಿಣಕ್ಕೆ ನೇರವಾಗಿ ತಾಗುತ್ತಿರಲಿಲ್ಲ. ಸೀಸ ಹೋದ ಮೇಲೆ ಕೆಂಪಗೆ ಕಾದ ವಾಲ್ವ್ ಸೀಟಿಗೆ ಬಡಿದಾಗ ಕಣದಷ್ಟು ಕಬ್ಬಿಣ ವಾಲ್ವಿಗೆ ಬೆಸೆದುಕೊಳ್ಳುತ್ತದೆ. ಮುಂದಿನ ಸಲ ವಾಲ್ವ್ ತೆರೆದಾಗ ಆ ಕಣ ಕಿತ್ತು ಬರುತ್ತದೆ. ಲಕ್ಷ ಸಲ ಹೀಗಾದರೆ ಸೀಟ್ ಒಳಗೆ ಹೋಗುತ್ತಲೇ ಇರುತ್ತದೆ. ಇನ್‌ಲೆಟ್ ವಾಲ್ವನ್ನು ಒಳಗೆ ಬರುವ ತಣ್ಣನೆ ಪೆಟ್ರೋಲು ಗಾಳಿಯೇ ಕಾಪಾಡುತ್ತದೆ, ಅದಕ್ಕೇ ಅವು ನಿಂತಿರುವುದು.

ಇಂಡಿಯಾದಲ್ಲಿ 2000ದ ಫೆಬ್ರವರಿಯಿಂದ ಸೀಸ ಇಲ್ಲದ ಪೆಟ್ರೋಲ್ ಮಾತ್ರ. ಇಲ್ಲೂ ಅದೇ ವರ್ಷ ಪಂಪುಗಳಿಂದ ಸೀಸ ಹೋಯಿತು. ಆಮೇಲೆ ಇಲ್ಲಿ ಹಳೇ ಹೆಡ್ ಬಿಚ್ಚಿದರೆ ಎಕ್ಸಾಸ್ಟಿಗೆ ಗಟ್ಟಿ ಸೀಟ್ ಹಾಕಿಸುವುದು ರೂಢಿಯಾಯಿತು.

ಹುಬ್ಬಳ್ಳಿ ಗ್ಯಾರೇಜ್

ಒಪ್ಪುವುದಿಲ್ಲ ರೀ. 2000 ಆದ ಮೇಲೂ ನಾನು ಎಷ್ಟೋ ಪೆಟ್ರೋಲ್ ಅಂಬಾಸಿಡರ್ ನೋಡಿದ್ದೇನೆ. ಸೀಟ್ ಹಾಗೇ ಇರುತ್ತಿತ್ತು. ಇವರ ಅಪ್ಪನ ಗಾಡಿಯೇ ಓಡಿಲ್ಲವೇ?

ಕೊಪ್ಪದ ಅಂಬಿ

ಓಡಿದೆ. ಆದರೆ ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅಪ್ಪ ಅದನ್ನು ತೆಗೆಯುತ್ತಿದ್ದದ್ದು ಸಂತೆಗೆ, ಸೊಸೈಟಿಗೆ, ಮದುವೆ ಮನೆಗೆ. 40ರ ಮೇಲೆ ಹೋಗುತ್ತಿರಲಿಲ್ಲ. ಘಾಟಿ ಇಳಿದದ್ದು ನನಗೆ ನೆನಪೇ ಇಲ್ಲ.

ಕೊವೆಂಟ್ರಿ ಕನ್ನಡಿಗ

ಹುಬ್ಬಳ್ಳಿ ಸರ್ ಪ್ರಶ್ನೆ ನ್ಯಾಯವಾದದ್ದೇ. ಸೀಟ್ ಸವೆಯುವುದು ಬಿಸಿ ಮತ್ತು ಭಾರದ ಲೆಕ್ಕ. ಊರೊಳಗೆ ನಿಧಾನ ಓಡುವ ಗಾಡಿಗೆ ವರ್ಷಗಟ್ಟಲೆ ಏನೂ ಆಗದಿರಬಹುದು. ತುಂಬಿದ ಗಾಡಿ ಆಕ್ಸಿಲರೇಟರ್ ಒತ್ತಿಕೊಂಡೇ ಘಾಟಿ ಹತ್ತಿದರೆ ಬೇಗ ಹೋಗುತ್ತದೆ. ಹಳೇ ಸೀಟಿನಲ್ಲಿ ಸೀಸದ ಪದರ ಉಳಿದುಕೊಂಡು ಇನ್ನಷ್ಟು ಕಾಲ ಕಾಪಾಡುತ್ತದೆ ಅಂತಲೂ ಇಲ್ಲಿಯವರು ಹೇಳುತ್ತಾರೆ. ನಿಮ್ಮ ಸೀಟ್ ಕಟಿಂಗ್‌ನಲ್ಲಿ ಆ ಮೇಲ್ಪದರವೆಲ್ಲ ಹೋಗಿ ಹಸಿ ಕಬ್ಬಿಣ ಬಯಲಾಗಿದೆ.

ಲೇತ್ ಮಾವ

ಆ ಪದರದ ಮಾತು ನಾನು ಪೂರ್ತಿ ನಂಬುವುದಿಲ್ಲ. ಆದರೆ ಘಾಟಿಯ ಮಾತು ನಂಬುತ್ತೇನೆ. ಇನ್ನೂ ಎರಡು ನೋಡಬೇಕು. ಇಗ್ನಿಷನ್ ಟೈಮಿಂಗ್ ಹಿಂದೆ ಇದ್ದರೆ (ಕಿಡಿ ತಡವಾಗಿ ಬಂದರೆ), ಇಲ್ಲವೇ ಕಾರ್ಬೊರೇಟರ್ ಪೆಟ್ರೋಲ್ ಕಡಿಮೆ ಕೊಡುತ್ತಿದ್ದರೆ ಎಕ್ಸಾಸ್ಟ್ ವಾಲ್ವ್ ಸುಮ್ನೆ ಜಾಸ್ತಿ ಕಾಯುತ್ತದೆ. ಮತ್ತೆ, ಕಳಪೆ ವಾಲ್ವ್ ಆದರೆ ಕಾದು ಉದ್ದಕ್ಕೆ ಎಳೆದುಕೊಳ್ಳುವುದೂ ಉಂಟು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಗ್ಯಾಪ್ ಮುಚ್ಚುತ್ತದೆ. ಹೆಡ್ ಬಿಚ್ಚಿ. ವಾಲ್ವ್ ತೆಗೆದು ಇನ್ನೊಂದು ಹೊಸ ವಾಲ್ವಿನ ಪಕ್ಕ ಇಟ್ಟು ಉದ್ದ ಅಳೆಯಿರಿ. ಉದ್ದ ಒಂದೇ ಇದ್ದರೆ ಕಳ್ಳ ಸೀಟೇ.

ಕೊಪ್ಪದ ಅಂಬಿ

ಬಿಚ್ಚಿದೆ. ವಾಲ್ವ್ ಉದ್ದ ಹೊಸದಕ್ಕೂ ಇದಕ್ಕೂ ಒಂದೇ. ಸೀಟ್ ನೋಡಿ ಹೊಟ್ಟೆ ಉರಿಯಿತು. 4 ಮತ್ತು 5ರಲ್ಲಿ ವಾಲ್ವಿನ ತಲೆ ಗುಂಡಿಯೊಳಗೆ ಕೂತ ಹಾಗಿದೆ. ಸೀಟಿನ ಮುಖ ಬೆರಳಲ್ಲಿ ಸವರಿದರೆ ಮರಳು ಕಾಗದದ ಹಾಗೆ ತರಿತರಿ. ವಾಲ್ವಿನ ಅಂಚಿಗೆ ಸಣ್ಣ ಸಣ್ಣ ಗಂಟು ಅಂಟಿವೆ. ಕೊವೆಂಟ್ರಿ ಸರ್ ಹೇಳಿದ ಕಣ ಇವೇ ಇರಬೇಕು. ಟೈಮಿಂಗೂ ಸ್ವಲ್ಪ ಹಿಂದೆ ಇತ್ತು, ಅದು ನನ್ನದೇ ತಪ್ಪು.

ಹುಬ್ಬಳ್ಳಿ ಗ್ಯಾರೇಜ್

ಸೋತೆ. ಕೊವೆಂಟ್ರಿಯವರಿಗೆ ನನ್ನ ಲೆಕ್ಕದಲ್ಲಿ ಒಂದು ಗಿರ್ಮಿಟ್, ಒಂದು ಚಹಾ.

ಲೇತ್ ಮಾವ

ನಾಲ್ಕು ಎಕ್ಸಾಸ್ಟಿಗೂ ಗಟ್ಟಿ ಸೀಟ್ ರಿಂಗ್ ಹಾಕಿಸಿ. ಇನ್‌ಲೆಟ್ ಮುಟ್ಟುವುದು ಬೇಡ. ಮೊದಲು ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ನೋಡಿಸಿ. ಗೈಡ್ ಸವೆದಿದ್ದರೆ ಕಟ್ಟರ್ ನಡುವೆ ನಿಲ್ಲುವುದಿಲ್ಲ, ಸೀಟ್ ಒಂದು ಪಕ್ಕ ಕಚ್ಚುತ್ತದೆ. ರಿಂಗ್ ಕೂರುವ ಗುಂಡಿ ರಿಂಗಿಗಿಂತ ಕೆಲವೇ ಥೌ ಚಿಕ್ಕದಿರಬೇಕು. ಹೆಡ್ ಬಿಸಿ ಮಾಡಿ, ರಿಂಗನ್ನು ತಂಪು ಮಾಡಿ ಒಂದೇ ಪೆಟ್ಟಿಗೆ ಕೂರಿಸುವವರ ಹತ್ತಿರ ಹೋಗಿ. ಸುತ್ತಿಗೆಯಲ್ಲಿ ಹತ್ತು ಸಲ ಬಡಿಯುವವನಾದರೆ ಹೆಡ್ ಎತ್ತಿಕೊಂಡು ವಾಪಸ್ ಬನ್ನಿ. ಗುಂಡಿ ಆಳ ಜಾಸ್ತಿಯಾದರೆ ನೀರಿನ ಜಾಗಕ್ಕೆ ತೂತು ಬೀಳುತ್ತದೆ, ಅದಕ್ಕೆ ಇಂಥ ಕೆಲಸ ಮಾಡಿ ರೂಢಿಯಿರುವವರೇ ಬೇಕು.

ಆಮೇಲೆ 45 ಡಿಗ್ರಿಗೆ ಸೀಟ್ ಕಟ್ ಮಾಡಿಸಿ. ಎಕ್ಸಾಸ್ಟಿಗೆ ತೀರಾ ಸಣ್ಣ ಗೆರೆಯಂಥ ಸೀಟ್ ಬೇಡ. ವಾಲ್ವ್ ತನ್ನ ಬಿಸಿಯನ್ನು ಹೆಡ್ಡಿಗೆ ಬಿಡುವುದು ಆ ಸೀಟಿನ ಮೂಲಕವೇ. ಬಂದ ಮೇಲೆ ಮನೆಯಲ್ಲಿ ವಾಲ್ವ್ ಸ್ಪ್ರಿಂಗ್ ಹಾಕಿ, ಪ್ಲಗ್ ಬಿಗಿ ಮಾಡಿ, ಹೆಡ್ ಮಗುಚಿ ಚೇಂಬರಿಗೆ ಪೆಟ್ರೋಲ್ ಸುರಿದು ಇಡಿ. ಪೋರ್ಟಿನ ಕಡೆ ತೇವ ಕಂಡರೆ ಇನ್ನೊಮ್ಮೆ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವುದು). ಬೀಡಿ ಸೇದುವವರು ದೂರ ಇರಲಿ.

ಎಂಟೂ ವಾಲ್ವಿನ ತುದಿ ಒಂದೇ ಎತ್ತರದಲ್ಲಿದೆಯಾ ಅಂತ ಒಂದು ಸ್ಕೇಲ್ ಇಟ್ಟು ನೋಡಿ. ಯಾವುದೋ ಒಂದು ಮಾತ್ರ ಎದ್ದು ನಿಂತಿದ್ದರೆ ಆ ಸೀಟ್ ಆಳಕ್ಕೆ ಹೋಗಿದೆ ಅಂತ ಅರ್ಥ.

ಕೊಪ್ಪದ ಅಂಬಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟ್ ರಿಂಗ್ ಸಿಕ್ಕಿತು. ಮಂಗಳೂರಿನಲ್ಲಿ ಕೆಲಸ ಮಾಡಿಸಿದೆ. ಪೆಟ್ರೋಲ್ ಸುರಿದು ರಾತ್ರಿಯಿಡೀ ಬಿಟ್ಟೆ, ಒಂದು ಹನಿ ಇಳಿಯಲಿಲ್ಲ. ಜೋಡಿಸಿ, ಬಿಸಿ ಮಾಡಿ, ತಣ್ಣಗಾದ ಮೇಲೆ ಹೆಡ್ ಮತ್ತೆ ಬಿಗಿ ಮಾಡಿ, ಎಂಟಕ್ಕೂ 15 ಇಟ್ಟೆ. ಈಗ ಹೊಸ ತಲೆನೋವು. 6ನೇ ವಾಲ್ವ್ ಟಕಟಕ ಅನ್ನುತ್ತಿದೆ. ಗೇಜ್ ಹಾಕಿದರೆ ಸರಿಯಾಗಿ 15!

ಹುಬ್ಬಳ್ಳಿ ಗ್ಯಾರೇಜ್

ಇದು ನನಗೆ ಬಿಡಿ. ಆ ರಾಕರ್ ತೆಗೆದು ವಾಲ್ವಿಗೆ ತಾಗುವ ಮುಖ ನೋಡಿ. ವರ್ಷಗಟ್ಟಲೆ ಬಡಿದು ವಾಲ್ವಿನ ತುದಿಯಷ್ಟು ಅಗಲದ ಒಂದು ಹಳ್ಳ ಬಿದ್ದಿರುತ್ತದೆ. ಫಿಲ್ಲರ್ ಗೇಜ್ ಚಪ್ಪಟೆ ಪಟ್ಟಿ, ಅದು ಹಳ್ಳದ ಎರಡು ದಂಡೆಯ ಮೇಲೆ ಸೇತುವೆ ಹಾಗೆ ಕೂರುತ್ತದೆ. ಗೇಜ್ 15 ಅನ್ನುತ್ತದೆ. ಹಳ್ಳದ ಆಳ ಸೇರಿಸಿದರೆ ನಿಜವಾಗಿ 20ರ ಮೇಲೆ ಇರುತ್ತದೆ. ಡಯಲ್ ಗೇಜ್ ಇದ್ದರೆ ರಾಕರ್ ಅಲುಗಾಡಿಸಿ ನೋಡಿ, ಸತ್ಯ ಗೊತ್ತಾಗುತ್ತದೆ.

ಆದರೆ ಸದ್ದು ನಿಲ್ಲಿಸಬೇಕು ಅಂತ ಸುಮ್ನೆ ಟೈಟ್ ಮಾಡಬೇಡಿ ರೀ. ಗಿರಾಕಿಗಳು ಅದನ್ನೇ ಕೇಳುತ್ತಾರೆ, ಕೆಲವು ಮೆಕ್ಯಾನಿಕ್‌ಗಳು ಅದನ್ನೇ ಮಾಡಿಕೊಡುತ್ತಾರೆ. ಈ ಎಂಜಿನ್ ಸ್ವಲ್ಪ ಸದ್ದು ಮಾಡಲೇಬೇಕು. ಸದ್ದೇ ಇಲ್ಲದ ಎಕ್ಸಾಸ್ಟ್ ವಾಲ್ವ್ ಬಿಸಿಯಲ್ಲಿ ಪೂರ್ತಿ ಮುಚ್ಚಿರುವುದಿಲ್ಲ, ಸುಡುತ್ತಿರುತ್ತದೆ.

ಕೊಪ್ಪದ ಅಂಬಿ

ಹಳ್ಳ ಇತ್ತು! ಉಗುರು ಸಿಕ್ಕಿಕೊಳ್ಳುವಷ್ಟು. ಮುಖವನ್ನು ಅದರ ಬಾಗು ಕೆಡದ ಹಾಗೆ ನಯವಾಗಿ ಗ್ರೈಂಡ್ ಮಾಡಿಸಿ ಹಾಕಿದೆ. ಶಾಫ್ಟಿನ ಅಡಿಭಾಗವೂ ಸವೆದು ಮೆಟ್ಟಿಲು ಬಿದ್ದಿತ್ತು, ಹೊಸ ಶಾಫ್ಟ್ ಹಾಕಿದೆ. ಈಗ ಎಂಟೂ ಒಂದೇ ಸದ್ದು, ಹೊಲಿಗೆ ಮಿಷಿನ್ ಹಾಗೆ.

ಕೊಪ್ಪದ ಅಂಬಿ

1,100 ಕಿ.ಮೀ. ಆಯಿತು. ಆಗುಂಬೆ ನಾಲ್ಕು ಸಲ, ಅದರಲ್ಲಿ ಒಂದು ಸಲ ಐದು ಜನ ಮತ್ತು ಡಿಕ್ಕಿ ತುಂಬ ಹಲಸಿನ ಹಣ್ಣು. ಇವತ್ತು ಬೆಳಿಗ್ಗೆ ಅಳೆದದ್ದು: 15, 15, 14, 14, 15, 15, 15, 15. ಐಡ್ಲಿಂಗ್ ಬಿಸಿಯಲ್ಲೂ ತಂಪಿನಲ್ಲೂ ಒಂದೇ ಥರ. ಘಾಟಿ ಮೇಲೆ ನಿಲ್ಲಿಸಿ ಬಾನೆಟ್ ಮೇಲೆ ಕೈ ಇಟ್ಟುಕೊಂಡು ಸುಮಾರು ಹೊತ್ತು ಕೇಳುತ್ತಾ ನಿಂತಿದ್ದೆ. ಅಮ್ಮ ಒಳಗಿನಿಂದ "ಮತ್ತೆ ಏನಾಯ್ತೋ?" ಅಂದರು.

ಒಂದೇ ಒಂದು ಉಳಿದಿದೆ. ಕವರ್ ಇಷ್ಟು ಸಲ ಬಿಚ್ಚಿ ಹಾಕಿ ರಾಕರ್ ಕವರಿನ ಕಾರ್ಕ್ ಗ್ಯಾಸ್ಕೆಟ್ ಹಿಂದಿನ ಮೂಲೆಯಲ್ಲಿ ಆಯಿಲ್ ಬಿಡುತ್ತಿದೆ. ನಟ್ ಇನ್ನೂ ಬಿಗಿ ಮಾಡಲಾ?

ಲೇತ್ ಮಾವ

ಮಾಡಬೇಡಿ! ಕವರ್ ಬಾಗುತ್ತದೆ. ಹೊಸ ಕಾರ್ಕ್ ತನ್ನಿ.

ಹುಬ್ಬಳ್ಳಿ ಗ್ಯಾರೇಜ್

ಅಂಬಾಸಿಡರ್ ಆಯಿಲ್ ಬಿಡುತ್ತಿಲ್ಲ ಅಂದರೆ ಒಳಗೆ ಆಯಿಲ್ ಖಾಲಿಯಾಗಿದೆ ಅಂತ ಅರ್ಥ ರೀ. ಓಡಿಸಿ.